ದನದ ಡಾಕ್ಟರ ವ್ರತ

ಹಾಲಸಿದ್ದಪ್ಪ ತನ್ನ ಜೀವಮಾನದಲ್ಲಿ ಐದಾರು ಮಂದಿ ದನದ ಡಾಕ್ಟರನ್ನು ಕಂಡಿದ್ದ. ಕುಡಿದು ಬರುವವನನ್ನು ಕಂಡಿದ್ದ, ಬರದೇ ಇರುವವನನ್ನು ಕಂಡಿದ್ದ, ಎತ್ತು ಹಾಯುತ್ತದೆಂದು ಕಿಟಕಿಯ ಒಳಗೆ ನಿಂತು ಔಷಧ ಹೇಳುವವನನ್ನೂ ಕಂಡಿದ್ದ. ಎಮ್ಮೆಯ ಬೆದೆ ತನ್ನ ಧರ್ಮಕ್ಕೆ ಆಗಿಬರುವುದಿಲ್ಲ ಎನ್ನುವವನನ್ನು ಮಾತ್ರ ಕಂಡಿರಲಿಲ್ಲ. ಅದೊಂದನ್ನು ತೋರಿಸಿ ಆಮೇಲೆ ಕರೆಸಿಕೊಂಡರಾಯಿತು ಎಂದು ದೇವರು ತನ್ನನ್ನು ಇಷ್ಟು ದಿನ ಇಟ್ಟಿರಬೇಕು ಎಂದುಕೊಂಡ.

ಆವತ್ತು ಮುಂಜಾನೆ ಸೊಸೆ ಕರೆವ್ವ ಹಿತ್ತಲ ಕೊಟ್ಟಿಗೆಯಿಂದಲೇ ಕರೆದಳು.

"ಮಾವಾರ, ಲಗೂ ಬರ್ರಿ ಇಲ್ಲೆ. ಚಂದ್ರಿ ಬೆದಿಗೆ ಬಂದಂಗ ಕಾಣತೈತಿ."

"ಲೋಳಿ ಹಾಕೈತೇನ?"

"ಹಾಕೈತ್ರಿ. ಮೇವು ಮುಟ್ಟಿಲ್ಲ. ಒಂದ ಸಮ ಒದರಾಕತ್ತೈತಿ."

ಮಾವ ಸೊಸೆ ಇಂಥ ಮಾತು ಆಡಬಾರದು ಎಂದು ಆ ಮನೆಯಲ್ಲಿ ಯಾರಿಗೂ ಎಂದೂ ಅನಿಸಿರಲಿಲ್ಲ. ದನ ಕಟ್ಟಿದವರ ಮನೆಯಲ್ಲಿ ಅದು ಮೋಡ ಕಟ್ಟಿದೆ, ಕಾಳು ಒಳಗೆ ತೆಗೆಯಿರಿ ಎಂದಂತೆ, ಅಷ್ಟೇ.

ಚಂದ್ರಿ ಕರೆವ್ವನ ತವರಿನ ಎಮ್ಮೆ. ಅವಳ ತಾಯಿ ತೀರಿಕೊಂಡಾಗ ಗುತ್ತಲದಲ್ಲಿ ಅಣ್ಣತಮ್ಮಂದಿರು ಹೊಲ ಹಂಚಿಕೊಂಡರು, ಮನೆ ಹಂಚಿಕೊಂಡರು, ತಾಯಿಯ ಹಿತ್ತಾಳೆ ಕೊಡಗಳನ್ನೂ ಬಿಡಲಿಲ್ಲ. ಕರೆವ್ವ ಏನೂ ಕೇಳದೆ ಕೊಟ್ಟಿಗೆಗೆ ಹೋಗಿ, ತಾಯಿ ಕೈಯಾರೆ ಸಾಕಿದ್ದ, ಇನ್ನೂ ಕರ ಹಾಕದ ಮಣಕದ ಹಗ್ಗ ಬಿಚ್ಚಿಕೊಂಡು ಬಂದಿದ್ದಳು. ಆ ಮಣಕ ಈ ಮನೆಯಲ್ಲಿ ಮೂರು ಸೂಲು ಕೊಟ್ಟಿತು. ಈಗ ಒಂದು ವರ್ಷದ ಮೇಲಾಯಿತು, ಗಬ್ಬ ನಿಂತಿಲ್ಲ, ಹಾಲಿಲ್ಲ. ಬೆದೆ ಬಂದಾಗಲೆಲ್ಲ ಡಾಕ್ಟರು ಇರುವುದಿಲ್ಲ. ಒಮ್ಮೆ ಕ್ಯಾಂಪು, ಒಮ್ಮೆ ರಜೆ.

ಹಾಲಸಿದ್ದಪ್ಪನ ಮಗ ಕೊಟ್ರೇಶ ಕುಮಾರಪಟ್ಟಣದ ಫ್ಯಾಕ್ಟರಿಯಲ್ಲಿ ಪಾಳಿಯ ಕೆಲಸದವನು. ಆಗಷ್ಟೇ ಪಾಳಿ ಮುಗಿಸಿ ಬಂದವನು ಬೈಕು ನಿಲ್ಲಿಸುತ್ತಲೇ ಹೇಳಿದ.

"ಈ ಸಲ ಒಂದ ನೋಡತೇನಿ. ಇದೂ ತಪ್ಪಿತಂದ್ರ ಗುರುವಾರ ಹಾವೇರಿ ಸಂತಿಗೆ ಹೊಡ್ಯೂದ ಖರೆ. ಕರ ಇಲ್ಲ, ಹಾಲಿಲ್ಲ, ಬರೇ ತಿಂತೈತಿ."

"ನೀವೂ ತಿಂತೀರಿ. ನಿಮ್ಮನ್ನ ಯಾವ ಸಂತಿಗೆ ಹೊಡ್ಯೂನು?" ಎಂದಳು ಕರೆವ್ವ.

ಕೊಟ್ರೇಶ ನಕ್ಕು ಒಳಗೆ ಹೋದ. ನಕ್ಕರೂ ಅವನು ಹೇಳಿದ್ದನ್ನು ಮಾಡುವವನು. ಹಾವೇರಿ ಸಂತೆಯಲ್ಲಿ ಗೊಡ್ಡೆಮ್ಮೆಯನ್ನು ಯಾರು ಕೊಳ್ಳುತ್ತಾರೆ, ಅಲ್ಲಿಂದ ಅದು ಎತ್ತ ಹೋಗುತ್ತದೆ ಎಂಬುದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕರೆವ್ವ ಎಮ್ಮೆಯ ಕೊರಳು ತುರಿಸುತ್ತ ನಿಂತಳು. ಅಳುವ ಹೆಣ್ಣಲ್ಲ ಅವಳು. ಆದರೆ ತುರಿಸುವುದನ್ನು ನಿಲ್ಲಿಸಲಿಲ್ಲ.

ಹಾಲಸಿದ್ದಪ್ಪ ರುಮಾಲು ಸುತ್ತಿಕೊಂಡು ದವಾಖಾನೆಗೆ ನಡೆದ.

ಮೊದಲಾಗಿದ್ದರೆ ದವಾಖಾನೆಗೆ ಹೋಗುವ ಕೆಲಸವೇ ಇರಲಿಲ್ಲ. ಊರಲ್ಲಿ ದ್ಯಾಮವ್ವನ ಕೋಣ ಇತ್ತು. ದೇವಿಯ ಹೆಸರಲ್ಲಿ ಬಿಟ್ಟ ಕೋಣ ಅದು. ಯಾರ ಹೊಲದಲ್ಲಿ ಮೇದರೂ ಯಾರೂ ಹೊಡೆಯುತ್ತಿರಲಿಲ್ಲ, ಯಾರ ಬಾಗಿಲಿಗೆ ಬಂದರೂ ಒಂದು ಬುಟ್ಟಿ ಹೊಟ್ಟು ಇಡುತ್ತಿದ್ದರು. ಊರಿನ ಎಮ್ಮೆಗಳೆಲ್ಲ ಗಬ್ಬ ನಿಲ್ಲುತ್ತಿದ್ದುದು ಅದರಿಂದಲೇ. ದೇವಿಯ ಮುಂದೆ ಕೋಣ ಕಡಿಯುವುದನ್ನು ಊರವರು ಹಾಲಸಿದ್ದಪ್ಪನ ಅಪ್ಪನ ಕಾಲದಲ್ಲೇ ಬಿಟ್ಟಿದ್ದರು. ಕಿವಿಯಂಚು ಗೀರಿ ಒಂದು ಹನಿ ರಕ್ತ ದೇವಿಗೆ ತೋರಿಸಿ ಬಿಡುತ್ತಿದ್ದರು. ಹೋದ ವರ್ಷ ಈಗಿನ ಡಾಕ್ಟರ ಶಂಭುಲಿಂಗ ಪೊಲೀಸರನ್ನೂ ಒಂದು ಆಶ್ರಮದವರನ್ನೂ ಕರೆದುಕೊಂಡು ಬಂದು, ನೀವು ಇದನ್ನು ಕಡಿಯುತ್ತೀರಿ ಎಂದ. ಕಡಿಯುವುದಿಲ್ಲ ಎಂದು ಊರವರೆಲ್ಲ ಹೇಳಿದರು. ಕಡಿಯುವವರು ಹಾಗೇ ಹೇಳುವುದು ಎಂದು ಆತ ಕೋಣವನ್ನು ಲಾರಿ ಹತ್ತಿಸಿ ರಾಣೆಬೆನ್ನೂರಿನ ಆಚೆ, ತನ್ನ ಗುರೂಜಿಯ ಆಶ್ರಮದ ಗೋಶಾಲೆಗೆ ಕಳಿಸಿಬಿಟ್ಟ. ಲಾರಿಯ ಮುಂದೆ ನಿಂತು ಫೋಟೋ ತೆಗೆಸಿಕೊಂಡಿದ್ದ. ಕೋಣ ಕ್ಯಾಮೆರಾದತ್ತ ನೋಡಿರಲಿಲ್ಲ.

ದವಾಖಾನೆ ತೆರೆದಿತ್ತು. ಶಂಭುಲಿಂಗ ಬಿಳಿ ಪಂಚೆ, ಬಿಳಿ ಅಂಗಿ, ಕೊರಳಲ್ಲಿ ರುದ್ರಾಕ್ಷಿ, ಹಣೆಯಲ್ಲಿ ಗಂಧ ಇಟ್ಟುಕೊಂಡು ಮೇಜಿನ ಹಿಂದೆ ಕೂತಿದ್ದ. ನಲವತ್ತರ ಆಸುಪಾಸಿನವನು, ತುಂಬಿದ ಕೆನ್ನೆ. ಒಂದು ಮೂಲೆಯಲ್ಲಿ ಹೋರಿ ಕೋಣಗಳ ಬೀಜವನ್ನು ತಣ್ಣಗೆ ಕಾಪಿಡುವ ದೊಡ್ಡ ಕ್ಯಾನು ಇತ್ತು. ಅದರ ಮೇಲೆ ಕೆಂಪು ವಸ್ತ್ರ ಹಾಸಿ, ಗುರೂಜಿಯ ಫೋಟೋ ಇಟ್ಟು, ಹೂವು ಏರಿಸಿ, ಊದುಬತ್ತಿ ಹಚ್ಚಿತ್ತು. ಕ್ಯಾನಿನ ಒಳಗೆ ಏನಿದೆ ಎಂದು ಫೋಟೋದಲ್ಲಿದ್ದವರಿಗೆ ಯಾರೂ ಹೇಳಿರಲಿಕ್ಕಿಲ್ಲ.

"ನಮಸ್ಕಾರ್ರಿ ಡಾಕ್ಟ್ರ. ಎಮ್ಮಿ ಬೆದಿಗೆ ಬಂದೈತ್ರಿ. ಬಂದು ಒಂದು ಗಬ್ಬದ ಸೂಜಿ ಮಾಡಬೇಕು."

ಶಂಭುಲಿಂಗ ಕಣ್ಣು ಮುಚ್ಚಿ ತೆರೆದ.

"ಅಜ್ಜಾರ, ಆ ಕೆಲಸ ನಾ ಬಿಟ್ಟೇನ್ರಿ."

"ನೌಕರಿ ಬಿಟ್ರಿ?"

"ನೌಕರಿ ಅಲ್ರಿ. ಆ ಕೆಲಸ. ನಾ ದೀಕ್ಷಾ ತಗೊಂಡೇನಿ, ಬ್ರಹ್ಮಚರ್ಯ ವ್ರತ ಹಿಡದೇನಿ. ಕಾಮಕ್ಕ ಸಂಬಂಧಪಟ್ಟ ಯಾವುದಕ್ಕೂ ಕೈ ಹಚ್ಚಂಗಿಲ್ಲ."

ಹಾಲಸಿದ್ದಪ್ಪ ಅವನ ಕೈಗಳನ್ನು ನೋಡಿದ.

"ವ್ರತ ನಿಮ್ದ ಐತ್ರಿ. ಎಮ್ಮಿದಲ್ಲಲ್ಲ."

"ನಿಮಗ ತಿಳಿಯಂಗಿಲ್ಲ ಅಜ್ಜಾರ. ಇದು ಆತ್ಮಸಾಕ್ಷಿ ಪ್ರಶ್ನಾ."

"ಖರೆ, ತಿಳಿಯಂಗಿಲ್ಲ. ಪಗಾರ ತಗೊಳ್ಳಾಕ ಆತ್ಮಸಾಕ್ಷಿ ಏನಂತೈತ್ರಿ?"

"ಪಗಾರ ಸರಕಾರ ಕೊಡತೈತಿ."

"ಯಾವುದಕ್ಕ ಕೊಡತೈತಿ?"

ಶಂಭುಲಿಂಗ ಎದ್ದು ಹೋಗಿ ಊದುಬತ್ತಿಯ ಬೂದಿ ತಟ್ಟಿದ. ಆಮೇಲೆ ಸಮಾಧಾನದ ದನಿಯಲ್ಲಿ, ಮಕ್ಕಳಿಗೆ ಹೇಳುವಂತೆ ಹೇಳಿದ. "ನೋಡ್ರಿ, ಈ ಸೂಜಿ ಅನ್ನೂದು ಸೃಷ್ಟಿಗೆ ವಿರುದ್ಧ. ಎಲ್ಲಾ ಸಹಜ ಆಗಬೇಕು. ದೇವರ ಇಚ್ಛಾ."

"ಸಹಜ ಆಗಾಕ ಕೋಣ ಬೇಕಲ್ರಿ. ಇದ್ದ ಒಂದ ಕೋಣ ನೀವ ಒಯ್ದೀರಿ."

"ಅದರ ಜೀವ ಉಳಿಸೇನಿ."

"ಛಲೋ ಆತು. ಈಗ ಎಮ್ಮಿ ಜೀವಾನೂ ಒಂದೀಟ ಉಳಸ್ರಿ. ಗಬ್ಬ ನಿಲ್ಲಲಿಲ್ಲಂದ್ರ ಗುರುವಾರ ಸಂತಿಗೆ ಹೊಕ್ಕೈತಿ."

ಶಂಭುಲಿಂಗನ ಮುಖದಲ್ಲಿ ನಿಜವಾದ ನೋವು ಕಾಣಿಸಿತು. ಹಾಲಸಿದ್ದಪ್ಪನಿಗೆ ಎಲ್ಲಕ್ಕಿಂತ ಹೇಸಿಗೆ ಎನಿಸಿದ್ದು ಅದೇ. ಕಳ್ಳನಾದರೆ ಬಯ್ಯಬಹುದಿತ್ತು.

ಹಳೆಯ ಕಾಂಪೌಂಡರ್ ಭೀಮಾಚಾರ ಅವನ ಕಣ್ಣ ಮುಂದೆ ಬಂದ. ಬೆಳಿಗ್ಗೆ ಗುಡಿಯ ಪೂಜೆ, ಆಮೇಲೆ ದವಾಖಾನೆ. ಸೈಕಲ್ಲಿನ ಮೇಲೆ ಬಂದು, ಅಂಗಿ ತೆಗೆದು, ಜನಿವಾರ ಕಿವಿಗೆ ಸುತ್ತಿಕೊಂಡು, ಬೆದೆಗೆ ಬಂದ ಆಕಳ ಹಿಂದೆ ನಿಂತು ಭುಜದವರೆಗೆ ಕೈ ಹಾಕುತ್ತಿದ್ದ. ಮುಗಿದ ಮೇಲೆ ಬಾವಿಯಲ್ಲಿ ಎರಡು ಕೊಡ ನೀರು ಸುರಿದುಕೊಂಡು ಸಂಜೆಯ ದೀಪಕ್ಕೆ ಗುಡಿಗೆ ಹೋಗುತ್ತಿದ್ದ. ದೇವರು ಯಾವತ್ತಾದರೂ ಅವನ ಕೈ ಮೂಸಿ ನೋಡಿದ್ದು ಹಾಲಸಿದ್ದಪ್ಪನಿಗೆ ಗೊತ್ತಿಲ್ಲ.

"ಮಾರಬ್ಯಾಡ್ರಿ ಅಜ್ಜಾರ," ಎನ್ನುತ್ತಿದ್ದ ಶಂಭುಲಿಂಗ. "ಪಾಪ ಹತ್ತತೈತಿ. ನಮ್ಮ ಗೋಶಾಲಿಗೆ ದಾನ ಕೊಟ್ಟಬಿಡ್ರಿ. ಜೋಡಿ ಒಂದ ಟ್ರ್ಯಾಕ್ಟರ್ ಮೇವು ಕಳಿಸಿದ್ರ ನಿಮಗೂ ಪುಣ್ಯ."

ಹಾಲಸಿದ್ದಪ್ಪ ಏಳಲು ಹೊರಟವನು ಮತ್ತೆ ಕೂತ.

"ಗೋಶಾಲಿಗೆ?"

"ಹೌದ್ರಿ. ನಿಮ್ಮೂರ ಕೋಣಾನೂ ಅಲ್ಲೇ ಐತಲ್ಲ, ಹೊಸಾ ಜಾಗಾ ಅನಸಂಗಿಲ್ಲ ಅದಕ್ಕ."

ಹಾಲಸಿದ್ದಪ್ಪ ರುಮಾಲು ಬಿಚ್ಚಿ ಮತ್ತೆ ಸುತ್ತಿದ. ಯೋಚನೆ ಬಂದಾಗ ಅವನು ಹಾಗೆ ಮಾಡುತ್ತಾನೆಂದು ಮನೆಯವರಿಗೆ ಗೊತ್ತು, ಡಾಕ್ಟರನಿಗೆ ಗೊತ್ತಿಲ್ಲ.

"ಸೊಸಿ ತವರ ಎಮ್ಮಿರಿ ಅದು. ಒಮ್ಮಿಗೇ ಕೊಡಾಕ ಅಕೀ ಒಪ್ಪಂಗಿಲ್ಲ. ಇವತ್ತ ಒಂದ ದಿನ ಒಯ್ದು ಕಟ್ಟಿ ನೋಡೂನೇನ್ರಿ, ಒಗ್ಗತೈತಿಲ್ಲೋ ಅಂತ?"

"ಅದಕ್ಕೇನ್ರಿ, ಇವತ್ತ ಗುರೂಜಿಯವರ ಪ್ರವಚನಾನೂ ಐತಿ. ನಾನೂ ಬರ್ತೇನಿ." ಶಂಭುಲಿಂಗ ಆಗಲೇ ಫೋನು ಕೈಗೆತ್ತಿಕೊಂಡಿದ್ದ.

"ಒಂದ ಮಾತ್ರಿ. ಬೆದಿಗೆ ಬಂದೈತಿ, ಕೋಣದ ಹತ್ರ ಕಟ್ಟಬ್ಯಾಡ್ರಿ ಅಂತ ಅಲ್ಲಿಯವರಿಗೆ ಹೇಳಬೇಕಲ್ಲ?"

ಹಾಲಸಿದ್ದಪ್ಪ ಇದನ್ನು ಹೇಳಿದ್ದು ನ್ಯಾಯಕ್ಕೆ. ನಾಳೆ ಯಾರೂ, ಮುದುಕ ಮುಚ್ಚಿಟ್ಟ ಎನ್ನಬಾರದು. ಶಂಭುಲಿಂಗ ಎರಡೂ ಕೈ ಎತ್ತಿ ತಡೆದ.

"ಆ ಶಬ್ದ ಆಶ್ರಮದಾಗ ಆಡಬ್ಯಾಡ್ರಿ. ದಯವಿಟ್ಟು."

"ಅಲ್ರಿ, ಕೋಣ..."

"ಕೋಣದ ಚಿಂತಿ ಬಿಡ್ರಿ. ಅದು ಈಗ ಸಾತ್ವಿಕ ಆಗೈತಿ. ದಿನಾ ಎರಡ ಹೊತ್ತು ಭಜನಿ ಕೇಳತೈತಿ. ಒಂದ ವರ್ಷ ಆತು, ಒಂದ ದಿನಾನೂ ಗದ್ದಲ ಮಾಡಿಲ್ಲ. ಅದರ ಮನಸ್ಸಿನ್ಯಾಗ ಆ ವಿಚಾರ ಹೋಗಿಬಿಟ್ಟೈತಿ."

ಆಶ್ರಮದಲ್ಲಿ ಆಕಳುಗಳಿವೆಯೇ ಹೊರತು ಒಂದೂ ಎಮ್ಮೆ ಇಲ್ಲ ಎಂಬುದು ಹಾಲಸಿದ್ದಪ್ಪನಿಗೆ ಗೊತ್ತಿತ್ತು. ಕೆಲಸ ಕಲಿಯಲು ಸರಕಾರದ ದುಡ್ಡಿನಲ್ಲಿ ವರ್ಷಗಟ್ಟಲೆ ಓದಿ ಬಂದವನ ಬಾಯಿಂದ ಈ ಮಾತು ಬಂದದ್ದಕ್ಕೆ ಅವನು ನಗಲಿಲ್ಲ. ನಗುವಷ್ಟು ಮರ್ಯಾದೆಯನ್ನೂ ಕೊಡಬೇಕು ಎನಿಸಲಿಲ್ಲ.

"ಆತ್ರಿ," ಎಂದ.

ಬ್ಯಾಡಗಿಯಿಂದ ಮೆಣಸಿನಕಾಯಿ ಚೀಲ ಸಾಗಿಸುವ ಚಾಂದಸಾಬ ಅದೇ ಊರಿನವನು. ಅವನ ಗೂಡ್ಸ್ ಗಾಡಿಯನ್ನು ಕೇಳಲು ಹೋದಾಗ ಅವನು ತಲೆ ಕೆರೆದುಕೊಂಡ.

"ಕಾಕಾ, ಮೆಣಸಿನಕಾಯಿ ಆದ್ರ ಎಲ್ಲಿಗಂತ ಅಲ್ಲಿಗೆ ಒಯ್ತೇನಿ. ಎಮ್ಮಿ ಹೇರಿಕೊಂಡು ನಾ ಹೊಂಟ್ರ ದಾರ್ಯಾಗ ನನ್ನನ್ನ ಹೇರಕೊಂಡ ಹೊಕ್ಕಾರ."

"ಡಾಕ್ಟ್ರು ಮುಂದ ಬೈಕಿನ್ಯಾಗ ಬರ್ತಾನ."

"ಆದ್ರೂ ನೀ ಹಿಂದ ಎಮ್ಮಿ ಜೋಡಿ ನಿಂದ್ರು. ಹಣಿ ತುಂಬ ಭಂಡಾರ ಬಳಕೊ, ಹಳದಿ ದೂರಿಂದ ಕಾಣಬೇಕು. ಹಿಂದಾಗಡೆ ನೀ ಕಂಡಿ ಅಂದ್ರ ಮುಂದ ನನ್ನ ಮಾರಿ ಯಾರೂ ನೋಡಂಗಿಲ್ಲ."

ಹಾಲಸಿದ್ದಪ್ಪ ಹಣೆ ತುಂಬ ಭಂಡಾರ ಬಳಿದುಕೊಂಡ. ಕರೆವ್ವನೂ ಹತ್ತಿದಳು, ಎಮ್ಮೆಯ ಹಗ್ಗವನ್ನು ಯಾರಿಗೂ ಕೊಡಲಿಲ್ಲ. ಮಾವ ದಾರಿಯಲ್ಲಿ ವಿಷಯ ಹೇಳಿದಾಗ ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡಳು. ಮುಂದೆ, ದವಾಖಾನೆಯ ಬಾಗಿಲಿಗೆ ಕೀಲಿ ಹಾಕಿ ಬಂದ ಡಾಕ್ಟರ, ಬೈಕಿನ ಮೇಲೆ ಪಂಚೆ ಹಾರಿಸುತ್ತ ದಾರಿ ತೋರಿಸುತ್ತಿದ್ದ. ಹಗಲು, ನೌಕರಿಯ ಹೊತ್ತು.

ಆಶ್ರಮದ ಅಂಗಳದಲ್ಲಿ ಶಾಮಿಯಾನ ಹಾಕಿ ಪ್ರವಚನ ನಡೆದಿತ್ತು. ರಾಣೆಬೆನ್ನೂರಿನ ಅಂಗಡಿಯವರು, ಅವರ ಹೆಂಡಂದಿರು, ನಿವೃತ್ತ ನೌಕರರು ಚಾಪೆಯ ಮೇಲೆ ಕೂತಿದ್ದರು. ಗುರೂಜಿ ಎತ್ತರದ ಪೀಠದ ಮೇಲಿದ್ದರು. ಇಂದ್ರಿಯ ನಿಗ್ರಹದ ವಿಷಯ. ಹಿಂದುಗಡೆ ಗೋಶಾಲೆ. ಅದರ ತುದಿಯಲ್ಲಿ, ಕೊರಳಿಗೆ ಚೆಂಡುಹೂವಿನ ಮಾಲೆ ಹಾಕಿಸಿಕೊಂಡು, ದ್ಯಾಮವ್ವನ ಕೋಣ ಗೂಟದಲ್ಲಿ ನಿಂತಿತ್ತು. ಮೈ ಬಂದಿತ್ತು, ಕಣ್ಣಲ್ಲಿ ಏನೂ ಇರಲಿಲ್ಲ.

ಎಮ್ಮೆಯನ್ನು ಇಳಿಸಿಕೊಳ್ಳಲು ಬಂದ ಕಾವಿ ಅಂಗಿಯ ಸ್ವಯಂಸೇವಕ ಚಂದ್ರಿಯ ಸುತ್ತ ಒಮ್ಮೆ ಸುತ್ತಿ, ಬಾಲದ ಕಡೆ ನೋಡಿ, "ಇದಕ್ಕ ಏನರ ಜಡ್ಡು ಐತೇನ್ರಿ?" ಎಂದು ಕೇಳಿದ.

ಹಾಲಸಿದ್ದಪ್ಪ ಶಂಭುಲಿಂಗನ ಕಡೆ ನೋಡಿದ. ಹೇಳುವುದಿದ್ದರೆ ಈಗ ಹೇಳಪ್ಪ, ಎನ್ನುವ ನೋಟ ಅದು. ಶಂಭುಲಿಂಗ ಪೀಠದತ್ತ ಕೈಮುಗಿದು, "ಏನಿಲ್ಲ, ಕಟ್ಟು," ಎಂದ.

ಹುಡುಗ ಕೋಣದ ಪಕ್ಕದಲ್ಲಿ ಖಾಲಿ ಇದ್ದ ಗೂಟದ ಕಡೆ ಎಮ್ಮೆಯನ್ನು ನಡೆಸಿದ. ಅಲ್ಲಿಯವರೆಗೆ ಹೋಗುವುದು ಬೇಕಾಗಲಿಲ್ಲ. ಗಾಳಿ ಅತ್ತ ತಿರುಗಿತು. ಕೋಣ ಮೂತಿ ಎತ್ತಿತು, ಮೇಲ್ದುಟಿ ಮಡಚಿ ಹಲ್ಲು ತೋರಿಸಿತು. ಒಂದು ವರ್ಷದ ಭಜನೆ ಅದರ ಮೈಯಿಂದ ಇಳಿದುಹೋಗಲು ಅಷ್ಟು ಹೊತ್ತೇ ಸಾಕಾಯಿತು. ಗೂಟ ಬುಡಸಹಿತ ಬಂತು. ಚಂದ್ರಿ ಹೆದರಿ ಹುಡುಗನ ಕೈಯಿಂದ ಹಗ್ಗ ಕಿತ್ತುಕೊಂಡು ಬಯಲು ಕಂಡ ಕಡೆ ಓಡಿತು. ಬಯಲು ಇದ್ದದ್ದು ಶಾಮಿಯಾನದೊಳಗೆ.

ಗುರೂಜಿ, ಮನಸ್ಸೆಂಬುದು ಎಂದು ಆರಂಭಿಸಿದ ಮಾತು ಅಲ್ಲಿಗೇ ನಿಂತಿತು. ಚಾಪೆಯವರು ಎರಡು ದಡ ಮಾಡಿಕೊಂಡು ಎದ್ದರು. ಪೀಠದ ಎದುರಿಗೆ, ಹೂವಿನ ರಂಗೋಲಿಯ ನಡುವೆ ಚಂದ್ರಿ ನಿಂತಿತು. ನಿಂತ ಎಮ್ಮೆಗೆ ಇನ್ನು ಓಡುವ ಮನಸ್ಸಿರಲಿಲ್ಲ. ಕೋಣ ಬಂತು. ಹೆಂಗಸರು ಸೆರಗು ಕಣ್ಣಿಗೆ ಹಿಡಿದರು, ತೆಳ್ಳನೆಯ ಸೀರೆಗಳು. ಹಾರ್ಮೋನಿಯಂ ಬಾರಿಸುವವನು ಏನು ಮಾಡಬೇಕೆಂದು ತಿಳಿಯದೆ ಭಜನೆ ಶುರು ಮಾಡಿದ.

"ಡಾಕ್ಟ್ರ," ಎಂದರು ಗುರೂಜಿ ಮೈಕಿನಲ್ಲೇ. "ಎಲ್ಲಿ ಅದೀರಿ? ಇದನ್ನ ಬಿಡಸ್ರಿ ಮೊದಲ."

ಶಂಭುಲಿಂಗ ಕಂಬಕ್ಕೆ ಆತು ನಿಂತಿದ್ದ. ಕಣ್ಣು ಗಟ್ಟಿ ಮುಚ್ಚಿದ್ದ.

"ಗುರೂಜಿ, ನನಗ ವ್ರತ ಐತ್ರಿ. ನೀವ ಕೊಟ್ಟದ್ದು."

"ಅದು ಆಮ್ಯಾಲೆ. ನೀವು ದನದ ಡಾಕ್ಟ್ರಲ್ಲೇನ್ರಿ, ಹಿಡೀರಿ."

"ಕೈ ಹಚ್ಚಂಗಿಲ್ರಿ ಗುರೂಜಿ. ನೋಡಂಗೂ ಇಲ್ಲ."

ಹಾಲಸಿದ್ದಪ್ಪ ಶಾಮಿಯಾನದ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ. ಆ ಮನುಷ್ಯನ ವ್ರತದಿಂದ ಊರಿಗೆ ಇಷ್ಟಾದರೂ ಉಪಯೋಗವಾಯಿತಲ್ಲ ಎಂದುಕೊಂಡ. ಕೋಣ ತನ್ನ ಕೆಲಸ ಮುಗಿಸಿ ಇಳಿದು, ಪೀಠದ ಮುಂದಿನ ತಟ್ಟೆಯಲ್ಲಿದ್ದ ಬಾಳೆಹಣ್ಣು ತಿನ್ನತೊಡಗಿತು. ಅದನ್ನು ಯಾರೂ ಹೊಡೆಯಲಿಲ್ಲ. ಆ ಮಟ್ಟಿಗೆ ಅದು ಊರಲ್ಲಿದ್ದಂತೆಯೇ ಆಯಿತು.

ಕರೆವ್ವ ಹೋಗಿ ಹಗ್ಗ ಹಿಡಿದುಕೊಂಡಳು. ಬೆನ್ನು ತಟ್ಟಿದಳು. ಕಾವಿ ಅಂಗಿಯವನು ಓಡಿಬಂದ.

"ಈ ಎಮ್ಮಿ ನಮಗ ಬ್ಯಾಡ್ರಿ. ಇದಕ್ಕ ಸಂಸ್ಕಾರ ಇಲ್ಲ. ಒಯ್ರಿ ಇಲ್ಲಿಂದ."

"ಒಗ್ಗತೈತೋ ಇಲ್ಲೋ ನೋಡೂಣಂತ ತಂದಿದ್ವಿ," ಎಂದ ಹಾಲಸಿದ್ದಪ್ಪ. "ಒಗ್ಗಲಿಲ್ಲ. ಬರ್ತೇವ್ರಿ."

ಗೇಟಿನ ಹೊರಗೆ ಚಾಂದಸಾಬ ಗಾಡಿಯ ಬಾಗಿಲಿಗೆ ಆತು ಎಲ್ಲ ನೋಡಿದ್ದ. ಗಾಡಿಯನ್ನು ರಸ್ತೆಗೆ ತಂದ. ಆಮೇಲೆ ಹಿಂದಿನ ಕಿಂಡಿಯಿಂದ ಕೇಳಿದ.

"ಕಾಕಾ, ಡಾಕ್ಟ್ರ ಹೆಂಡ್ತಿ ಶಿಲ್ಪಾ ಟೀಚರ್ ಅಲ್ಲೇನು? ಅಕೀ ಏನಂತಾಳಂತ ಈ ವ್ರತಕ್ಕ?"

"ನನಗ್ಯಾಕ ಕೇಳ್ತಿ. ಗಾಡಿ ನೋಡಿ ಹೊಡಿ. ಇನ್ನ ಮ್ಯಾಲೆ ಅದು ಗಬ್ಬದ ಎಮ್ಮಿ."

ಗುರುವಾರ ಬಂತು, ಹೋಯಿತು. ಕೊಟ್ರೇಶ ಇನ್ನೊಂದು ಬೆದೆ ಕಾಯ್ದು ನೋಡುತ್ತೇನೆಂದ. ಬೆದೆ ಬರಲಿಲ್ಲ. ಅವನು ಸಂತೆಯ ಮಾತು ತೆಗೆಯುವುದನ್ನು ಬಿಟ್ಟ. ತಾನಾಗಿಯೇ ಕೊಟ್ಟಿಗೆಗೆ ಹೊಸ ತಗಡು ಹೊದಿಸಿದ. ಚಂದ್ರಿಯ ಹೊಟ್ಟೆ ಎರಡೂ ಕಡೆ ಇಳಿದು, ಮುಂದಿನ ಸುಗ್ಗಿಗೆ ಕರ ಹಾಕಿತು. ಹೆಣ್ಣುಕರ, ತಾಯಿಯ ಹಾಗೆಯೇ ಹಣೆಯಲ್ಲಿ ಬಿಳಿ ಚುಕ್ಕೆ. ಕರೆವ್ವ ಕೆಚ್ಚಲಿನ ಮೊದಲ ಹಾಲು ಕರೆದು, ಬೆಲ್ಲ ಯಾಲಕ್ಕಿ ಹಾಕಿ ಗಿಣ್ಣ ಮಾಡಿ ಓಣಿಗೆಲ್ಲ ಹಂಚಿದಳು. ಮೊದಲ ಪಾಲು ಚಾಂದಸಾಬನ ಮನೆಗೆ ಹೋಯಿತು.

ಆ ದಿನವೇ ಶಂಭುಲಿಂಗ ಬಂದ. ಅದೇ ಬಿಳಿ ಬಟ್ಟೆ, ಅದೇ ಗಂಧ. ಕರವನ್ನು ಕಂಡು ಅವನ ಮುಖ ಅರಳಿತು. ಕಟ್ಟೆಯ ಮೇಲೆ ಕೂಡಿಸಿ ಕರೆವ್ವ ಬಟ್ಟಲು ತುಂಬ ಗಿಣ್ಣ ಕೊಟ್ಟಳು. ಗಿಣ್ಣ ತಿನ್ನಬಾರದೆಂದು ಅವನ ವ್ರತದಲ್ಲಿ ಇರಲಿಲ್ಲ. ಅರ್ಧ ಬಟ್ಟಲು ಮುಗಿಸಿ ಅವನು ಮೆಲ್ಲಗೆ ಮಾತು ತೆಗೆದ.

"ಅಜ್ಜಾರ, ನಾಳೆ ಹಾವೇರಿಯಿಂದ ದೊಡ್ಡ ಸಾಹೇಬ್ರು ತಪಾಸಣಿಗೆ ಬರಾಕತ್ತಾರ. ದವಾಖಾನಿ ಸೂಜಿಯಿಂದ ಹುಟ್ಟಿದ ಕರ ತೋರಸ್ರಿ ಅಂತಾರ. ಈ ವರ್ಷ ನಮ್ಮ ಊರಾಗ... ಒಂದೂ ಇಲ್ಲ."

"ಇಲ್ಲ," ಎಂದ ಹಾಲಸಿದ್ದಪ್ಪ.

"ಈ ಕರ ತೋರಸ್ತೇನಿ. ಸಾಹೇಬ್ರು ಕೇಳಿದ್ರ ಸೂಜಿದ ಅಂತ ಒಂದ ಮಾತು ಅನ್ರಿ ಸಾಕು. ನನ್ನ ನೌಕರಿ ಪ್ರಶ್ನಾ ಐತಿ. ಎರಡ ಮಕ್ಕಳು ಅದಾವ."

ಹಾಲಸಿದ್ದಪ್ಪ ರುಮಾಲು ಬಿಚ್ಚಲಿಲ್ಲ. ಯೋಚಿಸುವಂಥದ್ದು ಏನೂ ಇರಲಿಲ್ಲ. ಕರ ತಡವರಿಸುತ್ತ ಎದ್ದು ತಾಯಿಯ ಕೆಚ್ಚಲು ಹುಡುಕುತ್ತಿತ್ತು, ಅದು ಸಿಗುವವರೆಗೆ ನೋಡಿದ.

"ನಾ ಆ ಕೆಲಸ ಮಾಡಂಗಿಲ್ರಿ ಡಾಕ್ಟ್ರ," ಎಂದ. "ಸುಳ್ಳ ಹೇಳೂದು ನಮ್ಮ ಧರ್ಮಕ್ಕ ಆಗಿಬರಂಗಿಲ್ಲ. ನೀವು ತಿಳಕೊಂಡವರು, ನಿಮಗ ನಾ ಬಿಡಿಸಿ ಹೇಳಬೇಕೇನು. ಇದು ಆತ್ಮಸಾಕ್ಷಿ ಪ್ರಶ್ನಾ."

ಶಂಭುಲಿಂಗ ಕೈಯಲ್ಲಿದ್ದ ಬಟ್ಟಲನ್ನು ನೋಡಿದ.

"ಗಿಣ್ಣ ತಿನ್ರಿ, ಅದಕ್ಕೇನೂ ಇಲ್ಲ," ಎಂದ ಹಾಲಸಿದ್ದಪ್ಪ. "ಸಾಹೇಬ್ರಿಗೂ ಎರಡ ಬಟ್ಟಲ ತಗದಿಡತೇವಿ. ಬಂದು ಕೇಳಿದ್ರ, ಇದರಪ್ಪ ಎಲ್ಲಿ ಅದಾನಂತ ಹೇಳತೇನಿ. ದಾರಿ ತೋರ್ಸಾಕ ನೀವ ಇದ್ದೀರಲ್ಲ, ಬೈಕ್ ಮ್ಯಾಲೆ."